‘ನಾಲ್ಕು ದಿನ ಬಂದು ಇರಲಾ?’ ಎಂದಾಗ

ಗಂಡನ ಕೈಯಲ್ಲಿ ಏಟು ತಿಂದ ಹೆಣ್ಣುಮಗಳು ಮೊದಲು ಹೋಗುವುದು ಪೊಲೀಸ್ ಠಾಣೆಗಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದ ದೇಶದ ಮಹಿಳೆಯರಲ್ಲಿ ಶೇ 77ರಷ್ಟು ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಕೊಂಡಿಲ್ಲ. ನೆರವು ಕೇಳಿದವರು ಶೇ 14 ಮಾತ್ರ. ಅವರಲ್ಲೂ ಹೆಚ್ಚಿನವರು ಹೋದದ್ದು ತವರಿನವರ ಬಳಿಗೆ. ಕೋರ್ಟು ಕಚೇರಿಗಿಂತ ಎಷ್ಟೋ ಮೊದಲು ಅವಳ ದೂರು ಅಮ್ಮ, ಅಕ್ಕ, ಅತ್ತಿಗೆಯರ ಕಿವಿಗೆ ಬಿದ್ದಿರುತ್ತದೆ.

ಅದು ದೂರಿನ ರೂಪದಲ್ಲೇ ಬರಬೇಕೆಂದಿಲ್ಲ. ‘ಅಮ್ಮಾ, ನಾಲ್ಕು ದಿನ ಬಂದು ಇರಲಾ?’ ಎಂದು ಫೋನಿನಲ್ಲಿ ಕೇಳಬಹುದು. ‘ಯಾಕೆ, ಮತ್ತೆ ಜಗಳ ಆಡ್ಕೊಂಡ್ಯಾ?’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಬಾರೇ, ಏನಾಯ್ತು?’ ಎಂದರೆ ಮುಂದಿನದನ್ನು ಅವಳೇ ಹೇಳಿಯಾಳು.

ಮೊದಲ ಬಗೆಯ ಉತ್ತರವೇ ಬಾಯಿಗೆ ಬರುವುದಕ್ಕೆ ಕಾರಣವಿದೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 44ರಷ್ಟು ವಿವಾಹಿತೆಯರು ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಒಂದಲ್ಲ ಒಂದು ಕಾರಣಕ್ಕೆ ಗಂಡ ಹೊಡೆದರೆ ತಪ್ಪಿಲ್ಲ ಎಂದ ಮಹಿಳೆಯರು ಶೇ 77! ಏಟು ತಿಂದವಳಿಗೂ ಕೇಳಿಸಿಕೊಳ್ಳುವವಳಿಗೂ ಒಂದೇ ಪಾಠವಾಗಿದೆ. ಆದ್ದರಿಂದ ಅವಳ ಕಿವಿಗೆ ಎಲ್ಲಕ್ಕಿಂತ ಮೊದಲು ಬೀಳಬೇಕಾದ್ದು ಎರಡೇ ಮಾತು: ‘ನಿನ್ನನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ’. ‘ಮಕ್ಕಳ ಮುಖ ನೋಡಿ ಅನುಸರಿಸಿಕೊಂಡು ಹೋಗು’ ಎಂಬ ಬುದ್ಧಿವಾದವನ್ನು ಅವಳು ಆಗಲೇ ತನಗೆ ತಾನೇ ನೂರು ಸಲ ಹೇಳಿಕೊಂಡಿರುತ್ತಾಳೆ.

ಅಣ್ಣಂದಿರಿಗೆ ಸಿಟ್ಟು ಬರುವುದು ಸಹಜ. ಆದರೆ ಅವಳನ್ನು ಕೇಳದೆ ಅಳಿಯನನ್ನು ಕರೆಸಿ ಹಿರಿಯರ ಮುಂದೆ ಪಂಚಾಯಿತಿ ಕೂರಿಸಿದರೆ, ಎಲ್ಲರೂ ಊಟ ಮಾಡಿ ಎದ್ದು ಹೋದ ಮೇಲೆ ‘ಹೊರಗೆ ಹೇಳಿದ್ದಕ್ಕೆ’ ಬೀಳುವ ಏಟು ಅವಳ ಪಾಲಿನದು. ‘ಈ ಕ್ಷಣವೇ ಬಿಟ್ಟು ಬಾ’ ಎಂದು ಒತ್ತಾಯಿಸುವುದೂ ಸರಿಯಲ್ಲ. ಮನೆ ಬಿಡುವ ಹೊತ್ತಿನಲ್ಲೇ ಅಪಾಯ ಹೆಚ್ಚು. ಯಾವಾಗ, ಹೇಗೆ ಎಂಬುದನ್ನು ಅವಳೇ ತೀರ್ಮಾನಿಸಬೇಕು. ಜೀವಕ್ಕೆ ಕುತ್ತು ಬಂದಿದ್ದರೆ ಮಾತ್ರ ತಡಮಾಡದೆ 112ಕ್ಕೆ ಕರೆ ಮಾಡಬೇಕು.

ಅಲ್ಲಿಯವರೆಗೆ ಮಾಡಬಹುದಾದ್ದು ಬೇಕಾದಷ್ಟಿದೆ. ಆಧಾರ್, ಪಾಸ್‌ಬುಕ್, ಮಕ್ಕಳ ಜನನ ಪತ್ರಗಳ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬಹುದು. ಅವಳ ಫೋನನ್ನು ಅವನು ನೋಡುವುದಾದರೆ ವಾಟ್ಸ್‌ಆ್ಯಪ್‌ನಲ್ಲಿ ವಿಚಾರಿಸದಿರುವುದು ಒಳ್ಳೆಯದು. ಆಸ್ಪತ್ರೆಗೆ ಜೊತೆಗೆ ಹೋಗಿ, ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎನ್ನದೆ ಇದ್ದದ್ದನ್ನೇ ವೈದ್ಯರಿಗೆ ಹೇಳಲು ಧೈರ್ಯ ತುಂಬಬಹುದು. ಆ ದಾಖಲೆ ಮುಂದೆ ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತದೆ.

ಕಾನೂನೂ ಅವಳ ಪರವಾಗಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಬೈಗುಳವನ್ನೂ, ಮನೆ ಖರ್ಚಿಗೆ ಹಣ ಕೊಡದೆ ಸತಾಯಿಸುವುದನ್ನೂ ಹಿಂಸೆ ಎನ್ನುತ್ತದೆ. ಸದುದ್ದೇಶದಿಂದ ಈ ಕಾಯ್ದೆಯಡಿಯ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟ ನೆರೆಯವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ‘ಇದು ನನ್ನಪ್ಪನ ಮನೆ, ಆಚೆ ನಡಿ’ ಎನ್ನುವ ಗಂಡಂದಿರಿಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಉತ್ತರ ಕೊಟ್ಟಿದೆ: ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅಲ್ಲಿ ಸಂಸಾರ ಮಾಡಿದ ಸೊಸೆ ವಾಸದ ಹಕ್ಕು ಕೇಳಬಹುದು.

ಇಷ್ಟಾಗಿಯೂ ಅವಳು ಗಂಡನ ಮನೆಗೆ ಮರಳಬಹುದು. ಮಕ್ಕಳ ಶಾಲೆ, ಕೈಯಲ್ಲಿಲ್ಲದ ಕಾಸು, ಇನ್ನೂ ಆರದ ಆಸೆ, ಕಾರಣ ಏನೇ ಇರಲಿ. ‘ಮತ್ತೆ ಹೋದಳಲ್ಲ, ಇನ್ನು ನಮಗೇನು’ ಎಂದು ತವರು ಕೈಬಿಡುವುದು ಇಲ್ಲಿಯೇ. ಹೊರಡುವ ಮುನ್ನ ಯಾವ ಹೊತ್ತಿಗೆ ಫೋನ್ ಮಾಡಿದರೆ ಅವಳಿಗೆ ತೊಂದರೆಯಿಲ್ಲ ಎಂದು ಕೇಳಿಕೊಂಡು, 181 ಸಹಾಯವಾಣಿಯ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿ, ಮುಂದಿನ ವಾರ ಆ ಹೊತ್ತಿಗೆ ತಪ್ಪದೆ ಫೋನ್ ಮಾಡಬೇಕು.