ಬೋನಾಳದ ಹಕ್ಕಿಗಳು ಎಲ್ಲರಿಗೂ ಕಾಣಲಿ

ಚಳಿಗಾಲ ಬಂತೆಂದರೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಬಂದಿಳಿಯುತ್ತವೆ. ಅವನ್ನು ನೋಡಲು ವೀಲ್‌ಚೇರ್‌ನಲ್ಲಿ ಬರುವವರು ರಾತ್ರಿ ಉಳಿಯುವುದೆಲ್ಲಿ?

ಸಣ್ಣ ಊರಿನ ಎಷ್ಟೋ ಲಾಡ್ಜ್‌ಗಳಲ್ಲಿ ಬಾಗಿಲಲ್ಲೇ ನಾಲ್ಕೈದು ಮೆಟ್ಟಿಲು. ಹೇಗೋ ಎತ್ತಿ ಒಳಗೆ ತಂದರೂ ಬಚ್ಚಲಮನೆ ತಡೆಯುತ್ತದೆ. ಎರಡಡಿಯ ಬಾಗಿಲಲ್ಲಿ ಅದಕ್ಕಿಂತ ಅಗಲದ ಕುರ್ಚಿ ತೂರುವುದಿಲ್ಲ, ಹೊಸ್ತಿಲು ಬೇರೆ. ಕೋಣೆಗೆ ಪೂರ್ತಿ ಬಾಡಿಗೆ ಕೊಟ್ಟವರು ಸ್ನಾನಕ್ಕೆ ಇನ್ನೊಬ್ಬರ ತೋಳಿಗೆ ಕಾಯಬೇಕು, ಇದು ಸಹಿಸುವಂಥದ್ದಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಕಟ್ಟಡಗಳಿಗೂ ಅನ್ವಯಿಸುತ್ತದೆ. ಕಟ್ಟಡಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂಬ ನಿಯಮಗಳು ಕಡ್ಡಾಯವಾಗಿರಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಬೇಕಾದದ್ದು ಹೆಚ್ಚೇನಲ್ಲ: ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು, 90 ಸೆಂ.ಮೀ. ಅಗಲದ ಬಾಗಿಲು, ಕಮೋಡಿನ ಪಕ್ಕ ಗಟ್ಟಿ ಹಿಡಿಕೆ. ಯಾದಗಿರಿ, ಶಹಾಪುರ, ಸುರಪುರದ ನಗರಸಭೆಗಳು ಹೊಸ ಲಾಡ್ಜ್‌ಗಳಿಗೆ ಅನುಮತಿ ಕೊಡುವ ಮುನ್ನ ಇಷ್ಟನ್ನು ಟೇಪು ಹಿಡಿದು ಅಳೆಯಲಿ.