ಯುದ್ಧ ಗೆದ್ದ ದೋಣಿ ತುಕ್ಕಿಗೆ ಸೋಲುವುದೇಕೆ?

ನಮ್ಮ ವಯಸ್ಸಿನ ಹೆಚ್ಚಿನವರಿಗೆ ವಿಕ್ರಾಂತ್ ಎಂದರೆ 2022ರಲ್ಲಿ ಕೊಚ್ಚಿಯಲ್ಲಿ ನೌಕಾಪಡೆ ಸೇರಿದ ಹೊಸ ವಿಮಾನವಾಹಕ ನೌಕೆ. ಹಳೆಯ ವಿಕ್ರಾಂತ್ ನೆನಪಿದ್ದರೆ ಅದು ಒಂದು ಬೈಕಿನ ಜಾಹೀರಾತಿನಿಂದ. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ನಿಂತು, ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಮೇಲೆ ದಾಳಿಗೆ ವಿಮಾನಗಳನ್ನು ಕಳಿಸಿದ ನೌಕೆ ಅದು. 1997ರಲ್ಲಿ ನಿವೃತ್ತಿಯಾಗಿ ಮುಂಬೈಯಲ್ಲಿ ಕೆಲ ಕಾಲ ಮ್ಯೂಸಿಯಂ ಆಗಿತ್ತು. ಸುರಕ್ಷಿತವಲ್ಲ ಎಂದು 2012ರಲ್ಲಿ ಬಾಗಿಲು ಹಾಕಿದರು. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಹರಾಜಾಗಿ ಗುಜರಿ ಸೇರಿತು. ವಿರಾಟ್ ಕಥೆಯೂ ಅದೇ. 2017ರಲ್ಲಿ ನಿವೃತ್ತಿ, 2020ರಲ್ಲಿ ಗುಜರಾತಿನ ಅಲಂಗ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರೂ ಉಳಿಯಲಿಲ್ಲ.

ಪ್ರತಿ ಸಲ ಇಂಥ ಸುದ್ದಿ ಬಂದಾಗ ಸೋಷಿಯಲ್ ಮೀಡಿಯಾದಲ್ಲಿ ಎರಡು ದಿನ ದುಃಖ, ಆಮೇಲೆ ಮೌನ. ದುಡ್ಡಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೆಕ್ಯಾನಿಕಲ್ ಓದುತ್ತಿರುವ ನನಗೆ ಆ ಉತ್ತರ ಅರ್ಧ ಮಾತ್ರ ಸರಿ ಎನಿಸುತ್ತದೆ. ದೊಡ್ಡ ಹಡಗು ಬಿಡಿ, ಸಣ್ಣ ಯುದ್ಧದೋಣಿಗಳ ಲೆಕ್ಕ ನೋಡಿದರೆ ಸಮಸ್ಯೆ ಬೇರೆ ಎಲ್ಲೋ ಇದೆ ಎಂದು ಗೊತ್ತಾಗುತ್ತದೆ.

ಸಣ್ಣ ದೋಣಿ ಎಂದರೆ ಸಣ್ಣ ಇತಿಹಾಸ ಅಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರಿನ ಹೊರಗೆ ದಾಳಿ ಮಾಡಿದ್ದು ನಿಪಾತ್, ನಿರ್ಘಾಟ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. ಸೋವಿಯತ್ ನಿರ್ಮಿತ ಈ ದೋಣಿಗಳ ಉದ್ದ 40 ಮೀಟರಿಗೂ ಕಡಿಮೆ. ದೂರ ಹೋಗಲು ಇಂಧನ ಸಾಲದು. ಬಂದರು ಕಾಯಲೆಂದು ತಂದವು ಇವು. ಜೊತೆಗೆ ಕಿಲ್ತಾನ್ ಮತ್ತು ಕಚ್ಚಲ್ ಎಂಬ ದೊಡ್ಡ ನೌಕೆಗಳನ್ನು ಸೇರಿಸಿ, ಶತ್ರುವಿನ ಬಾಗಿಲಿಗೇ ಕರೆದೊಯ್ದರು. ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ಮುಳುಗಿದವು, ನಮ್ಮ ಕಡೆ ಒಂದು ದೋಣಿಯೂ ಹೋಗಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಆಪರೇಷನ್ ಟ್ರೈಡೆಂಟ್, ನೌಕಾದಿನ ಎಂದು ಬಾಯಿಪಾಠ ಮಾಡುವುದು ಇದನ್ನೇ.

ಇದೇ ಜಾತಿಯ ಒಂದು ದೋಣಿ ನಮ್ಮ ರಾಜ್ಯದಲ್ಲಿದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಯ ಪಕ್ಕದಲ್ಲೇ ನಿಂತಿರುವ ಐಎನ್‌ಎಸ್ ಚಪಲ್. ಪ್ರವಾಸಿ ಬರಹಗಳಲ್ಲಿ, ರೀಲ್ಸ್‌ಗಳಲ್ಲಿ ಇದು 1971ರ ಯುದ್ಧದಲ್ಲಿ ಹೋರಾಡಿದ ದೋಣಿ ಎಂದು ಹೇಳುತ್ತಾರೆ. ಅದು ನಿಜವಲ್ಲ. ಚಪಲ್ ನೌಕಾಪಡೆ ಸೇರಿದ್ದು 1976ರಲ್ಲಿ, ಕರಾಚಿ ದಾಳಿಯ ದೋಣಿಗಳ ಸುಧಾರಿತ ಮಾದರಿಯಾಗಿ. ಅಂದರೆ ಅವುಗಳ ತಮ್ಮ. 2005ರಲ್ಲಿ, ನಾನು ಹುಟ್ಟಿದ ವರ್ಷ, ನಿವೃತ್ತಿಯಾಗಿ ಮರುವರ್ಷ ಕಾರವಾರದಲ್ಲಿ ಮ್ಯೂಸಿಯಂ ಆಯಿತು. ಯುದ್ಧ ಮಾಡಿಲ್ಲ ಎಂದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ. ಕರಾಚಿಗೆ ಹೋದ ನಾವಿಕರು ಎಷ್ಟು ಇಕ್ಕಟ್ಟಿನಲ್ಲಿ ಕೂತು ಹೋದರು ಎಂದು ತಿಳಿಯಲು ಇದರ ಒಳಗೆ ಹೊಕ್ಕರೆ ಸಾಕು. ಆದರೆ ಸುಳ್ಳು ಬಿರುದು ಕೊಟ್ಟು ಕಾಪಾಡುವುದು ಕಾಪಾಡಿದ ಹಾಗಲ್ಲ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಕಾರವಾರದ ಎದುರಿನ ಅಂಜುದೀವ್ ದ್ವೀಪವನ್ನು 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಬಿಡಿಸಿಕೊಂಡ ಕಾರ್ಯಾಚರಣೆಯಲ್ಲಿ ಇದ್ದ ಮುಖ್ಯ ನೌಕೆಯ ಹೆಸರು ಐಎನ್‌ಎಸ್ ಮೈಸೂರು. ಏಳು ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ನಮ್ಮದೇ ಹೆಸರು ಹೊತ್ತ ಆ ಕ್ರೂಸರ್ 1985ರಲ್ಲಿ ನಿವೃತ್ತಿಯಾಗಿ ಗುಜರಿಗೆ ಹೋಯಿತು. ಎಷ್ಟು ಕನ್ನಡಿಗರಿಗೆ ಗೊತ್ತು?

ಈಗ ಹೊರಗಿನ ಒಂದು ಉದಾಹರಣೆ ನೋಡೋಣ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ನೂರಾರು ಪಿಟಿ ದೋಣಿಗಳನ್ನು ಕಟ್ಟಿತು. ಟಾರ್ಪೆಡೊ ಹೊತ್ತು ರಾತ್ರಿ ನುಗ್ಗುವ, ಮರದ ಹಲಗೆಗಳಿಂದ ಮಾಡಿದ ವೇಗದ ದೋಣಿಗಳು. ಎರಡು ಪದರ ಹಲಗೆ, ನಡುವೆ ಅಂಟು ಹಚ್ಚಿದ ಕ್ಯಾನ್ವಾಸ್, ಹಿಂದೆ 12 ಸಿಲಿಂಡರಿನ ಮೂರು ಪ್ಯಾಕಾರ್ಡ್ ಪೆಟ್ರೋಲ್ ಎಂಜಿನ್. ಯುದ್ಧ ಮುಗಿಯುವವರೆಗೆ ಬಾಳಿದರೆ ಸಾಕು ಎಂದೇ ಕಟ್ಟಿದ್ದು. ಯುದ್ಧ ಮುಗಿದ ಕೂಡಲೇ ಫಿಲಿಪ್ಪೀನ್ಸ್‌ನ ಸಮಾರ್ ತೀರದಲ್ಲಿ ನೂರಕ್ಕೂ ಹೆಚ್ಚು ದೋಣಿಗಳ ಎಂಜಿನ್, ಬಂದೂಕು ಕಿತ್ತು ಬೆಂಕಿ ಹಚ್ಚಿದರು. ಶ್ರೀಮಂತ ದೇಶವೂ ಮೊದಲು ಮಾಡಿದ್ದು ಅದನ್ನೇ. ಮುಂದೆ ಅಧ್ಯಕ್ಷರಾದ ಜಾನ್ ಕೆನಡಿ ನಡೆಸಿದ ಪಿಟಿ-59 ಕೂಡ ಮಾರಾಟವಾಗಿ, ಕೊನೆಗೆ ನ್ಯೂಯಾರ್ಕಿನ ಹಾರ್ಲೆಮ್ ನದಿಯಲ್ಲಿ ಮುಳುಗಿತು. ಅದರದೆಂದು ನಂಬಲಾದ ಮರದ ತುಂಡುಗಳನ್ನು 2020ರಲ್ಲಿ ಕೆಸರಿನಿಂದ ಎತ್ತಿದರು.

ಹೀಗೆ ಸುಟ್ಟು ಮಾರಿ ಉಳಿದವುಗಳಲ್ಲಿ ಒಂದು ಪಿಟಿ-305. ನ್ಯೂ ಆರ್ಲಿಯನ್ಸ್‌ನ ಹಿಗ್ಗಿನ್ಸ್ ಕಾರ್ಖಾನೆಯಲ್ಲಿ ಹುಟ್ಟಿ, ಮೆಡಿಟರೇನಿಯನ್ ಸಮುದ್ರದಲ್ಲಿ ಹೋರಾಡಿದ ದೋಣಿ. ಯುದ್ಧದ ನಂತರ ಪ್ರವಾಸಿಗರನ್ನು ಹೊತ್ತಿತು, ಆಮೇಲೆ ಸಿಂಪಿ ಹಿಡಿಯುವವರ ಕೈಗೆ ಹೋಯಿತು. 65 ಅಡಿಗಿಂತ ಉದ್ದವಿದ್ದರೆ ಲೈಸೆನ್ಸ್ ಇರುವ ಕ್ಯಾಪ್ಟನ್ ಬೇಕು ಎಂದು 78 ಅಡಿಯ ದೋಣಿಯ ಹಿಂಭಾಗದ 13 ಅಡಿಯನ್ನು ಕತ್ತರಿಸಿಯೇ ಹಾಕಿದ್ದರು! (ನಿಯಮ ತಪ್ಪಿಸುವ ಬುದ್ಧಿ ನಮಗೊಬ್ಬರಿಗೇ ಇರುವುದಲ್ಲ.) 2007ರಲ್ಲಿ ಅದು ನ್ಯೂ ಆರ್ಲಿಯನ್ಸ್‌ನ ಎರಡನೇ ಮಹಾಯುದ್ಧ ಮ್ಯೂಸಿಯಂಗೆ ಬಂತು. ಇನ್ನೂರಕ್ಕೂ ಹೆಚ್ಚು ಸ್ವಯಂಸೇವಕರು, ಒಂದು ಲಕ್ಷ ಗಂಟೆಗೂ ಮೀರಿದ ಕೆಲಸ. ಕತ್ತರಿಸಿದ ಭಾಗವನ್ನು ಮತ್ತೆ ಕಟ್ಟಿದರು. ನಿವೃತ್ತ ಎಂಜಿನಿಯರ್‌ಗಳು, ಬಡಗಿಗಳು, ವಿದ್ಯಾರ್ಥಿಗಳು ಒಂದೇ ಹಲಗೆಯ ಮುಂದೆ ನಿಂತು ಕೆಲಸ ಕಲಿತರು. 2016ರಲ್ಲಿ ದೋಣಿ ಮತ್ತೆ ನೀರಿಗಿಳಿಯಿತು, ಮರುವರ್ಷ ಜನ ಟಿಕೆಟ್ ಕೊಟ್ಟು ಸವಾರಿ ಮಾಡಿದರು.

ನನಗೆ ಮುಖ್ಯ ಎನಿಸುವುದು ಇದರ ಮುಂದಿನ ಭಾಗ. ಆ ಸವಾರಿ ಹೆಚ್ಚು ವರ್ಷ ನಡೆಯಲಿಲ್ಲ, ದೋಣಿ ಮತ್ತೆ ಮ್ಯೂಸಿಯಂ ಸೇರಿತು. ಹತ್ತು ವರ್ಷ ಬೆವರು ಸುರಿಸಿ ದುರಸ್ತಿ ಮಾಡುವುದಕ್ಕಿಂತ, ಅದನ್ನು ಪ್ರತಿ ವರ್ಷ ಓಡುವ ಸ್ಥಿತಿಯಲ್ಲಿ ಇಡುವುದು ಕಷ್ಟ. 2022ರ ಏಪ್ರಿಲಿನಲ್ಲಿ ಬಫಲೋ ನಗರದಲ್ಲಿ ನಡೆದದ್ದೂ ಇದೇ ಪಾಠ. ಯುಎಸ್‌ಎಸ್ ದ ಸಲಿವನ್ಸ್ ಎಂಬ ಮ್ಯೂಸಿಯಂ ನೌಕೆ ಕಟ್ಟಿಹಾಕಿದ ಜಾಗದಲ್ಲೇ ನೀರು ತುಂಬಿ ವಾಲಿತು. ಶತ್ರು ಯಾರೂ ಇರಲಿಲ್ಲ, ತಳದ ತಗಡು ಸವೆದಿತ್ತು ಅಷ್ಟೇ.

ಬ್ರಿಟನ್ನಿನವರು ಬೇರೆ ದಾರಿ ಹಿಡಿದರು. 1944ರ ಜೂನ್ 6ರಂದು ನಾರ್ಮಂಡಿ ತೀರಕ್ಕೆ ಟ್ಯಾಂಕ್‌ಗಳನ್ನು ಸಾಗಿಸಿದ ಸುಮಾರು 800 ದೋಣಿಗಳಲ್ಲಿ ಉಳಿದದ್ದು ಎಲ್‌ಸಿಟಿ 7074 ಒಂದೇ. ಅದು ಲಿವರ್‌ಪೂಲ್‌ನಲ್ಲಿ ನೈಟ್‌ಕ್ಲಬ್ ಆಗಿತ್ತು, ಆಮೇಲೆ ಬಂದರಿನಲ್ಲಿ ಮುಳುಗಿತ್ತು. 2014ರಲ್ಲಿ ಎತ್ತಿದರು. ಲಾಟರಿ ಹಣದಿಂದ ನಡೆಯುವ ಪರಂಪರೆ ನಿಧಿ 47 ಲಕ್ಷ ಪೌಂಡ್ ಕೊಟ್ಟಿತು. 2020ರಲ್ಲಿ ಪೋರ್ಟ್ಸ್‌ಮತ್‌ನಲ್ಲಿ ನೆಲದ ಮೇಲೆ ನಿಲ್ಲಿಸಿ, ಮೇಲೆ ಚಾವಣಿ ಹಾಕಿದರು. ಓಡಿಸುವ ಹಟ ಬಿಟ್ಟರು, ಮಳೆಯಿಂದ ಕಾಪಾಡಿದರು. ನನಗೆ ಇದೇ ಹೆಚ್ಚು ಬುದ್ಧಿವಂತಿಕೆ ಎನಿಸುತ್ತದೆ.

ನಮ್ಮಲ್ಲೂ ಮಾದರಿ ಇಲ್ಲದಿಲ್ಲ. ವಿಶಾಖಪಟ್ಟಣದ ಕಡಲತೀರದಲ್ಲಿ 2002ರಿಂದ ಇರುವ ಐಎನ್‌ಎಸ್ ಕುರ್ಸುರಾ, 1971ರ ಯುದ್ಧಕಾಲದಲ್ಲಿ ಗಸ್ತು ತಿರುಗಿದ ನಿಜವಾದ ಜಲಾಂತರ್ಗಾಮಿ. ಅದನ್ನೂ ನೀರಿನಿಂದ ಎಳೆದು ಕಾಂಕ್ರೀಟಿನ ಮೇಲೆ ಕೂರಿಸಿದ್ದಾರೆ. ವೈಜಾಗ್‌ಗೆ ಹೋದವರು ಕುರ್ಸುರಾ ನೋಡದೆ ಬರುವುದು ಕಡಿಮೆ. ಊರಿನ ನಡುವೆ ಜನ ಬರುವ ಜಾಗ, ನಿರಂತರ ಟಿಕೆಟ್ ಆದಾಯ, ನೋಡಿಕೊಳ್ಳಲು ಒಂದು ಖಚಿತ ಸಂಸ್ಥೆ. ವಿಕ್ರಾಂತ್‌ಗೆ ನೆಲ ಸಿಗಲಿಲ್ಲ, ನೀರಿನಲ್ಲೇ ಉಳಿಯಿತು.

ಹಾಗಾದರೆ ನೆಲಕ್ಕೆ ತಂದರೆ ಚಪಲ್ ಸುರಕ್ಷಿತವೇ? ಇಲ್ಲಿ ನಮ್ಮ ಪಠ್ಯಪುಸ್ತಕ ನೆನಪಾಗುತ್ತದೆ. ಸಮುದ್ರದಲ್ಲಿರುವ ಹಡಗಿನ ತಳಕ್ಕೆ ಸತುವಿನ ತುಂಡುಗಳನ್ನು ಕಟ್ಟುತ್ತಾರೆ. ಉಕ್ಕಿನ ಬದಲು ಸತು ಸವೆಯುತ್ತದೆ, ತನ್ನನ್ನು ಬಲಿಕೊಟ್ಟು ಹಡಗನ್ನು ಉಳಿಸುತ್ತದೆ. ಆದರೆ ಆ ವಿದ್ಯುತ್ ಹರಿಯಲು ಸುತ್ತ ಉಪ್ಪುನೀರು ಬೇಕು. ದೋಣಿಯನ್ನು ಮರಳಿನ ಮೇಲೆ ನಿಲ್ಲಿಸಿದ ದಿನವೇ ಆ ರಕ್ಷಣೆ ಮುಗಿಯುತ್ತದೆ, ಉಳಿಯುವುದು ಬಣ್ಣ ಮಾತ್ರ. ಗಾಳಿಯಲ್ಲಿ ಉಪ್ಪು ಬರುತ್ತಲೇ ಇರುತ್ತದೆ. ಕರಾವಳಿಯ ಮಳೆ ಎಂಥದ್ದು ಎಂದು ಉತ್ತರ ಕನ್ನಡದವರಿಗೆ ಹೇಳಬೇಕಿಲ್ಲ. ಡೆಕ್ ಮೇಲೆ ನೀರು ನಿಲ್ಲುವ ಮೂಲೆಗಳು, ದೋಣಿ ಕೂತಿರುವ ಆಧಾರದ ಸಂದುಗಳು, ಉಕ್ಕಿಗೆ ಬೇರೆ ಲೋಹ ಸೇರುವ ಜಾಗಗಳು ಮೊದಲು ತಿನ್ನಿಸಿಕೊಳ್ಳುತ್ತವೆ. ಅದರ ಮೇಲೆ ಬಣ್ಣ ಬಳಿದರೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ತುಕ್ಕು ಒಳಗೆ ತನ್ನ ಕೆಲಸ ಮಾಡುತ್ತಿರುತ್ತದೆ. ಹಳೆಯ ಪದರ ಪೂರ್ತಿ ಕೆರೆದು, ಉಪ್ಪು ತೊಳೆದು, ಪ್ರೈಮರ್ ಹಚ್ಚಬೇಕು. ಇದು ಕೆಲ ವರ್ಷಗಳಿಗೊಮ್ಮೆ ಮುಗಿಯದೆ ಬರುವ ಖರ್ಚು. ಉದ್ಘಾಟನೆಗೆ ಸಚಿವರು ಬರುತ್ತಾರೆ, ಪ್ರೈಮರ್ ಹಚ್ಚುವ ದಿನ ಯಾರೂ ಬರುವುದಿಲ್ಲ. ನಮ್ಮ ಬಜೆಟ್‌ಗಳು ತಯಾರಾಗುವುದೂ ಹಾಗೆಯೇ.

2024ರಲ್ಲಿ ಚಪಲ್ ಪಕ್ಕಕ್ಕೆ ನೌಕಾಪಡೆಯ ದೊಡ್ಡ ಟುಪೊಲೆವ್ ವಿಮಾನವೂ ಬಂದಿದೆ. ಒಳ್ಳೆಯದೇ. ಆದರೆ ಈಗ ಉಪ್ಪುಗಾಳಿಗೆ ಎರಡು ವಸ್ತುಗಳು ಮೈಯೊಡ್ಡಿವೆ, ಒಂದು ಉಕ್ಕಿನದು, ಒಂದು ಅಲ್ಯುಮಿನಿಯಂನದು. ಎರಡಕ್ಕೂ ಬೇಕಾದ ಪರಿಣತಿ ಬೇರೆ ಬೇರೆ. ಪಕ್ಕದಲ್ಲೇ ಕದಂಬ ನೌಕಾನೆಲೆ ಇದೆ, ಅಲ್ಲಿ ಹಡಗು ದುರಸ್ತಿ ಗೊತ್ತಿರುವ ಜನ ಇದ್ದಾರೆ.

ಎಲ್ಲ ಹಡಗನ್ನೂ ಉಳಿಸಿ ಎಂದು ನಾನು ವಾದಿಸುವುದಿಲ್ಲ. 200 ಮೀಟರಿಗೂ ಉದ್ದದ ವಿರಾಟ್ ಅನ್ನು ಅಲಂಗ್‌ಗೆ ಕಳಿಸಿದ್ದಕ್ಕೆ ನನ್ನ ಸಹಪಾಠಿಗಳಷ್ಟು ಸಿಟ್ಟು ನನಗಿಲ್ಲ. ಸಾವಿರಾರು ಟನ್ ಉಕ್ಕನ್ನು ನೀರಿನಲ್ಲಿ ಅರ್ಧಂಬರ್ಧ ಕೊಳೆಯಲು ಬಿಡುವುದಕ್ಕಿಂತ ಅದು ವಾಸಿ. ಕೋಟಿಗಟ್ಟಲೆ ಸುರಿಯಲಾಗದಿದ್ದರೆ, 40 ಮೀಟರಿನ ಒಂದು ದೋಣಿಯನ್ನಾದರೂ ಸರಿಯಾಗಿ ಇಟ್ಟುಕೊಳ್ಳೋಣ.

ಅದರಲ್ಲಿ ನಮಗೂ ಕೆಲಸವಿದೆ. ಬಿಇಯಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಅದನ್ನು ಎಷ್ಟು ಜನ ದುಡ್ಡು ಕೊಟ್ಟು ಸರ್ಟಿಫಿಕೇಟ್ ತಂದು ಮುಗಿಸುತ್ತೇವೆ ಎಂದು ನಮಗೆ ನಮಗೇ ಗೊತ್ತು. ಕಾರವಾರದಿಂದ ಮಂಗಳೂರುವರೆಗೆ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳಿವೆ. ತಗಡಿನ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಉಪಕರಣ. ಮಳೆಗಾಲ ಮುಗಿದ ಮೇಲೆ ವಿದ್ಯಾರ್ಥಿಗಳ ಒಂದು ತಂಡ ಪ್ರತಿ ವರ್ಷ ಅದೇ ನೂರು ಜಾಗಗಳಲ್ಲಿ ಚಪಲ್‌ನ ಮೈ ಅಳೆದು ಪಟ್ಟಿ ಇಟ್ಟರೆ, ಯಾವ ತಗಡು ಎಷ್ಟು ವರ್ಷ ಬಾಳುತ್ತದೆ ಎಂದು ಲೆಕ್ಕ ಹಾಕಬಹುದು. ಬಂದರು, ಪೈಪ್‌ಲೈನ್, ರಿಫೈನರಿಗಳಲ್ಲಿ ಇದೇ ಪರೀಕ್ಷೆ ಮಾಡುವವರಿಗೆ ಸಂಬಳ ಕೊಟ್ಟು ಕರೆಯುತ್ತಾರೆ. ಸಮುದ್ರದ ಉಪ್ಪು ತಿಂದ ನಿಜವಾದ ಉಕ್ಕಿನ ಮೇಲೆ ಇದನ್ನು ಕಲಿಯುವ ಅವಕಾಶ ಯಾವ ಕಾಲೇಜಿನ ಲ್ಯಾಬಿನಲ್ಲೂ ಇಲ್ಲ. ಆ ಪಟ್ಟಿಯ ಒಂದು ಪ್ರತಿ ಜಿಲ್ಲಾಡಳಿತಕ್ಕೆ ಹೋದರೆ, ಮುಂದಿನ ಸಲ ಬಣ್ಣಕ್ಕೆ ಹಣ ಕೇಳುವವರ ಕೈಯಲ್ಲಿ ಒಂದು ಅಂಕಿ ಇರುತ್ತದೆ. ಅದೇ ಪಟ್ಟಿಯ ಮೇಲ್ಭಾಗದಲ್ಲಿ ದೋಣಿ ಸೇವೆಗೆ ಸೇರಿದ ವರ್ಷ 1976 ಎಂದು ಬರೆದಿರಲಿ.