ಸಲಾಮಿಗೆ ಸಲಾಮು, ಉಪ್ಪುಕಂಡಕ್ಕೆ ಸಂಕೋಚ

ನಮ್ಮ ಮಂಡ್ಯ ಸೀಮೆಯವರ ಮೇಲೆ ನನ್ನದೊಂದು ತಕರಾರಿದೆ. ಬೇಜಾರು ಮಾಡ್ಕೊಳ್ಳೋರು ಮಾಡ್ಕೊಳ್ಳಿ. ಸೂಪರ್ ಮಾರ್ಕೆಟ್ಟಿನ ಫ್ರೀಜರಿನಿಂದ ಚಿಕನ್ ಸಲಾಮಿ ಪ್ಯಾಕೆಟ್ಟು ತಂದು, ಎರಡು ಬ್ರೆಡ್ಡಿನ ನಡುವೆ ಇಟ್ಟು ಮಗುವಿನ ಡಬ್ಬಿಗೆ ಹಾಕುವಾಗ ನಮಗೆ ಒಂಥರಾ ಹೆಮ್ಮೆ. ಅದೇ ಅಡುಗೆಮನೆಯಲ್ಲಿ ಊರಿನಿಂದ ಅವ್ವ ಕೊಟ್ಟು ಕಳಿಸಿದ ಉಪ್ಪುಕಂಡದ ಡಬ್ಬಿ ಇದ್ದರೆ, ಅದನ್ನು ತೆಗೆಯುವ ಮುಂಚೆ ಮಾತ್ರ ಕಿಟಕಿ ಮುಚ್ಚಬೇಕು. ಪಕ್ಕದ ಮನೆಯೋರು ಏನಂದ್ಕೋತಾರೋ!

ಎರಡೂ ಒಂದೇ ಜಾತಿ ಕಣ್ರೀ. ಮಾಂಸ ಕೆಡದಂತೆ ಉಪ್ಪು ಹಾಕಿ ಕಾಪಾಡುವ ಜಾತಿ. ಇಟಲಿಯವರು ಕೊಚ್ಚಿದ ಮಾಂಸಕ್ಕೆ ಉಪ್ಪು ಬೆರೆಸಿ, ಕರುಳಿಗೆ ತುಂಬಿ ತೂಗುಹಾಕಿದರು, ಅದು ಸಲಾಮಿ. ದಕ್ಷಿಣ ಆಫ್ರಿಕಾದವರು ಮಾಂಸವನ್ನು ಸೀಳಿ ವಿನೆಗರ್, ಕೊತ್ತಂಬರಿ ಬೀಜ ಸವರಿ ಒಣಗಿಸಿದರು, ಅದು ಬಿಲ್ಟಾಂಗ್. ನಮ್ಮವ್ವಂದಿರು ಮೂಳೆಯಿಲ್ಲದ ಬಾಡನ್ನು ಉದ್ದುದ್ದ ಸೀಳಿ, ಉಪ್ಪು, ಅರಿಸಿನ, ಖಾರದಪುಡಿ ಉಜ್ಜಿ, ಒಂದು ರಾತ್ರಿ ಬಿಟ್ಟು, ದಾರಕ್ಕೆ ಪೋಣಿಸಿ ಬಿಸಿಲಿಗೋ ಒಲೆಯ ಮೇಲಿನ ಹೊಗೆಗೋ ಕಟ್ಟಿದರು. ಸೌದೆಯಂತೆ ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿದರು. ಅವರು ತೂಗುಹಾಕಿದರೆ ಕಲೆ, ನಮ್ಮವ್ವ ತೂಗುಹಾಕಿದರೆ ಕಾಗೆ ಕಾಟ!

ಇದು ಬಡವರ ಮನೆಯ ತಿಂಡಿ, ನಾಜೂಕಿನವರದ್ದಲ್ಲ ಅನ್ನುವವರಿಗೆ ಒಂದು ಮಾತು. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ, ಕರುಳಿಗೆ ಮಸಾಲೆ ತುಂಬಿ ಕೆಂಡದಲ್ಲಿ ಸುಡುವ ಬಗೆಯೂ ಇದೆ. ಅರಮನೆಯವರೇ ನಾಚಿಕೆಪಡದ ಅಡುಗೆಗೆ ಮೂರು ರೂಮಿನ ಬಾಡಿಗೆ ಮನೆಯಲ್ಲಿ ಕೂತ ನಾವು ನಾಚಿಕೆಪಡುತ್ತೇವೆ.

ಹಾಗಂತ ಪ್ಯಾಕೆಟ್ಟೆಲ್ಲ ವಿಷ, ಮನೆಯದ್ದೆಲ್ಲ ಅಮೃತ ಎಂಬ ವಾಟ್ಸಾಪ್ ವೇದಾಂತ ನನ್ನದಲ್ಲ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ 250 ಎಂಬ ನಂಬರು ಇದ್ದರೆ ಅದು ಸೋಡಿಯಂ ನೈಟ್ರೈಟ್. ಬೆಂದ ಮೇಲೂ ಮಾಂಸ ಗುಲಾಬಿ ಬಣ್ಣದಲ್ಲೇ ಉಳಿಯುವುದು ಅದರಿಂದ. ಅದನ್ನು ಬರೀ ಬಣ್ಣಕ್ಕೆಂದು ಹಾಕುವುದಿಲ್ಲ. ಗಾಳಿಯಾಡದ ಮಾಂಸದಲ್ಲಿ ಬೆಳೆದು ಪ್ರಾಣ ತೆಗೆಯಬಲ್ಲ ಬಾಟುಲಿಸಂ ಎಂಬ ರೋಗದ ಕ್ರಿಮಿಯನ್ನು ಅದು ತಡೆಯುತ್ತದೆ. ಆ ರೋಗದ ಹೆಸರು ಬಂದಿರುವುದೇ ಸಾಸೇಜಿಗೆ ಲ್ಯಾಟಿನ್ನಿನಲ್ಲಿರುವ ಪದದಿಂದ. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು 18 ಶೇಕಡಾ ಹೆಚ್ಚುತ್ತದೆ ಎಂದಿತು. ಉಪ್ಪು ಹಾಕಿದ್ದು, ಹೊಗೆ ಹಾಕಿದ್ದು ಎಲ್ಲವೂ ಆ ಲೆಕ್ಕದಲ್ಲಿ ಬರುತ್ತದೆ. ಅಂದರೆ ಉಪ್ಪುಕಂಡವೂ ಬರುತ್ತದೆ. ಆದರೆ ಉಪ್ಪುಕಂಡವನ್ನು ಯಾರೂ ತಟ್ಟೆ ತುಂಬ ತಿನ್ನುತ್ತಿರಲಿಲ್ಲ. ಮುದ್ದೆ, ಅವರೆಕಾಳು ಸಾರಿನ ಜೊತೆ ನಾಲ್ಕು ಚೂರು, ಅದೂ ಯಾವಾಗಲೋ ಒಮ್ಮೆ. ದಿನಾ ಬೆಳಿಗ್ಗೆ ಡಬ್ಬಿಗೆ ಹೋಗುತ್ತಿರುವುದು ಸಲಾಮಿ.

'ಸರಿ ಸ್ವಾಮಿ, ಮಗೂಗೆ ಸ್ಯಾಂಡ್‌ವಿಚ್ಚೇ ಬೇಕು, ಏನ್ಮಾಡೋದು?' ಮನೇಲೇ ಮಾಡಿ. ಒಂದು ಕೆಜಿ ಮೂಳೆಯಿಲ್ಲದ ತೊಡೆಯ ಬಾಡಿಗೆ 20 ಗ್ರಾಂ ಉಪ್ಪು, ಒಂದು ಚಮಚ ಬೆಲ್ಲದ ಪುಡಿ, ಕುಟ್ಟಿದ ಮೆಣಸು, ಬೆಳ್ಳುಳ್ಳಿ. ಬೆಲ್ಲಕ್ಕೆ ಮಂಡ್ಯದಲ್ಲಿ ಬರವೇ? ಚೆನ್ನಾಗಿ ಉಜ್ಜಿ, ಮುಚ್ಚಿ, ಎರಡು ದಿನ ಫ್ರಿಜ್ಜಿನಲ್ಲಿಡಿ. ಆಮೇಲೆ ಸುರುಳಿ ಸುತ್ತಿ ದಾರ ಬಿಗಿದು ಒಳಗೆಲ್ಲ ಮೆತ್ತಗಾಗುವವರೆಗೆ ಬೇಯಿಸಿ. ಹಬೆಯಾರಿದ ಕೂಡಲೇ ಎರಡು ತಟ್ಟೆಗಳ ನಡುವೆ ಇಟ್ಟು, ಮೇಲೊಂದು ಭಾರ ಹೇರಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಿಡಿ. ಬೆಳಿಗ್ಗೆ ಚೂಪು ಚಾಕುವಿನಲ್ಲಿ ತೆಳ್ಳಗೆ ಕೊಯ್ಯಿರಿ. ಗುಲಾಬಿ ಬಣ್ಣ ಬರುವುದಿಲ್ಲ, ಕಂದು ಬಣ್ಣ ಬರುತ್ತದೆ. ಬೆಂದ ಬಾಡಿನ ಬಣ್ಣವೇ ಅದು. ನೈಟ್ರೈಟ್ ಇಲ್ಲವಾದ್ದರಿಂದ ಮೂರು ದಿನದೊಳಗೆ ತಿಂದು ಮುಗಿಸಿ. ಮೂರು ದಿನದ ಮೇಲೆ ಇಡಬೇಕೆಂದರೆ ಒಣಗಿಸಲೇಬೇಕು, ಅದಕ್ಕೇ ಉಪ್ಪುಕಂಡ ಹುಟ್ಟಿದ್ದು. ಅದನ್ನು ಕೆಂಡದಲ್ಲಿ ಸುಟ್ಟು, ಕುಟ್ಟಿ, ಈರುಳ್ಳಿ ನಿಂಬೆಹುಳಿ ಬೆರೆಸಿ ಬ್ರೆಡ್ಡಿಗೆ ಹಾಕಿ ಕೊಡಿ. ಮಗು ಸಲಾಮಿ ಕೇಳಿದರೆ ನನ್ನನ್ನು ಬೈಯಿರಿ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಅಡುಗೆ ಜಗಳ. ಇದರಲ್ಲಿ ಕುರಿಯ ಪ್ರಶ್ನೆಯೂ ಇದೆ. ಬೆಂಗಳೂರಿನ ಮಟನ್ ಅಂಗಡಿಗಳು ಬೋರ್ಡು ಹಾಕಿ ಕರೆಯುವ 'ಬನ್ನೂರು ಕುರಿ' ಮೂಲದಲ್ಲಿ ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರಿನದು. ಸರ್ಕಾರದ ಪಟ್ಟಿಯಲ್ಲಿ ಅದರ ಹೆಸರೇ ಮಂಡ್ಯ ತಳಿ. ಗಿಡ್ಡ ಕಾಲು, ಬಿಳಿ ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಯು ಅಕ್ಷರದಂಥ ತೊಡೆ, ಮಾಂಸದೊಳಗೇ ಹರಡಿದ ಕೊಬ್ಬು. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಗೆಂದೇ ಸರ್ಕಾರಿ ಕುರಿ ಫಾರಂ ಇದೆ. ಆದರೂ ಅಪ್ಪಟ ತಳಿ ಹುಡುಕಿಕೊಂಡು ಹೋದರೆ ಸಿಗುವುದು ಕಷ್ಟ. ಬೇರೆ ಕಡೆಯ ದೊಡ್ಡ ಕುರಿಗಳು ಬೇಗ ತೂಕ ಬರುತ್ತವೆ, ಕೆಜಿ ಲೆಕ್ಕದಲ್ಲಿ ಗಿಡ್ಡ ಕುರಿ ಸೋಲುತ್ತದೆ. ಅದು ಗೆಲ್ಲಬೇಕಾದರೆ ತೊಡೆಯ ಬಾಡು ಯಾವ ಕುರಿಯದು ಎಂದು ಕೇಳುವ ಗಿರಾಕಿ ಬೇಕು. ಉಪ್ಪು ಉಜ್ಜಿ ನಾಲ್ಕು ದಿನ ಕಾಯುವವನು ಕೇಳಿಯೇ ಕೇಳುತ್ತಾನೆ. ಪ್ಯಾಕೆಟ್ಟು ಹರಿಯುವವನು ಯಾಕೆ ಕೇಳಿಯಾನು?

ಯುಗಾದಿಯ ಮರುದಿನ ಹೊಸತೊಡಕಿಗೆ ಹಳ್ಳಿಗಳಲ್ಲಿ ಈಗಲೂ ವರ್ಷವಿಡೀ ಚೀಟಿ ಕಟ್ಟಿ, ಕುರಿ ತಂದು, ಕೊಯ್ದು, ಗುಡ್ಡೆಬಾಡು ಹಂಚಿಕೊಳ್ಳುತ್ತಾರೆ. ತಲೆ, ಕಾಲು, ಕರುಳು ಯಾವುದೂ ಹಾಳಾಗುವುದಿಲ್ಲ. ತಿಂದು ಉಳಿದದ್ದು ಬೇಸಿಗೆಯ ಬಿಸಿಲಿನಲ್ಲಿ ಉಪ್ಪುಕಂಡವಾಗುತ್ತಿತ್ತು. ಈಗ ಉಳಿದದ್ದು ಫ್ರೀಜರಿಗೆ ಹೋಗುತ್ತದೆ, ಕರೆಂಟು ಹೋದರೆ ನಾಯಿಗೆ. ಉಪ್ಪೆಷ್ಟು, ಬಿಸಿಲೆಷ್ಟು, ಯಾವ ವಾಸನೆ ಬಂದರೆ ಎಸೆಯಬೇಕು ಎಂಬುದು ಅರವತ್ತು ದಾಟಿದ ಹೆಂಗಸರ ಕೈಯಲ್ಲಿದೆ. ಅವರು ಬರೆದಿಟ್ಟಿಲ್ಲ, ನಾವು ಕೇಳಿಲ್ಲ.

ಯಾಕೆ ಕೇಳಿಲ್ಲ ಅಂದ್ರೆ, ನಾಚಿಕೆ. ಮದ್ದೂರು ಅಂದರೆ ವಡೆ ಎನ್ನುತ್ತೇವೆ, ಎದೆಯುಬ್ಬಿಸಿ. ಮದ್ದೂರಿನ ಮನೆಮನೆಯ ಉಪ್ಪುಕಂಡದ ಹೆಸರನ್ನು ನೆಂಟರ ಮುಂದೆ ಎತ್ತುವುದಿಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲೇ ನಡೆದ 87ನೇ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿದ್ದರು. ಬಾಡೂಟದ ಜಿಲ್ಲೆಯಲ್ಲಿ ಬಾಡು ಬೀಡಿಯ ಪಕ್ಕ ಕೂತಿತ್ತು! ಜನ ಸಿಟ್ಟಾದರು, ಬಾಡೂಟ ಬೇಕೆಂದು ಹೋರಾಡಿದರು, ಒಳ್ಳೆಯದೇ ಆಯಿತು. ಆದರೆ ಆ ಸಾಲು ಬರೆದವರ ಕಣ್ಣು ನಮ್ಮೊಳಗೂ ಇದೆ. ಕಿಟಕಿ ಮುಚ್ಚುವ ಕೈ ಯಾರದ್ದು?

'ಓನರ್ ಬಿಡಲ್ಲ, ಟೆರೇಸಿನಲ್ಲಿ ಒಣಗಿಸೋಕಾಗಲ್ಲ' ಅನ್ನುವವರ ಕಷ್ಟ ನಿಜವೇ. 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬಾಡಿಗೆಗೆ ಕೊಡುವವರ ಮನೆಯಲ್ಲಿ ದಾರ ಕಟ್ಟುವುದು ಸುಲಭವಲ್ಲ. ಆದರೆ ಸ್ವಂತ ಮನೆ, ಸ್ವಂತ ಟೆರೇಸು ಇರುವವರಿಗೆ ಏನು ಅಡ್ಡಿ? ನೊಣ ಬಾರದಂತೆ ಸುತ್ತ ಸೊಳ್ಳೆಪರದೆ ಕಟ್ಟಿ, ರಾತ್ರಿ ಒಳಗೆ ತನ್ನಿ, ಮೋಡವಾದರೆ ಕೈಬಿಡಿ. ಇಷ್ಟೇ ವಿದ್ಯೆ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡರೆ ಹಪ್ಪಳ ಸಂಡಿಗೆಯೂ ಅದೇ ಟೆರೇಸಿನಲ್ಲೇ ಒಣಗುತ್ತದೆಂದು ನೆನಪಿಸಿ. ಸಲಾಮಿಗೆ ವಾಸನೆಯಿಲ್ಲ, ಯಾಕಂದರೆ ಅದು ಪ್ಲಾಸ್ಟಿಕ್ಕಿನಲ್ಲಿದೆ. ನಾವು ದುಡ್ಡು ಕೊಡುತ್ತಿರುವುದು ರುಚಿಗಲ್ಲ, ಆ ಪ್ಲಾಸ್ಟಿಕ್ಕಿಗೆ.

ಮದ್ದೂರು, ಮಳವಳ್ಳಿ ರಸ್ತೆಯ ಮಿಲ್ಟ್ರಿ ಹೋಟೆಲಿನವರೇ, ನಿಮಗೂ ಒಂದು ಮಾತು. ಮುದ್ದೆ, ನಾಟಿಕೋಳಿ ಮಾರುತ್ತೀರಿ, ಸಂತೋಷ. ಬೋರ್ಡಿನ ಮೇಲೆ ಉಪ್ಪುಕಂಡ ಎಂದೂ ಬರೆಸಿ, ದೊಡ್ಡ ಅಕ್ಷರದಲ್ಲಿ. ಓದುಗರೇ, ಬರುವ ಹೊಸತೊಡಕಿಗೆ ಊರಿಗೆ ಹೋದಾಗ ಬಾಡು ತಿಂದು ಮಲಗಬೇಡಿ. ಅವ್ವನೋ ಅಜ್ಜಿಯೋ ಉಪ್ಪು ಉಜ್ಜುವಾಗ ಪಕ್ಕದಲ್ಲಿ ಕೂತು, ಆ ಹಿಡಿ ಎಷ್ಟು ಗ್ರಾಂ ಅಂತ ತೂಕ ಹಾಕಿ ಬರೆದುಕೊಳ್ಳಿ.